‘ಕವರ್ ತೆರೆಯಬೇಡಿ ಸರ್’ ಎನ್ನುವವನ ಹತ್ತಿರ ಹಳೆಯ ಕಾಮಿಕ್ಸ್ ಕೊಳ್ಳಬೇಡಿ

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಹಳೆಯ ಇಂದ್ರಜಾಲ ಕಾಮಿಕ್ಸ್, ಹಳೆಯ ಅಮರ ಚಿತ್ರ ಕಥೆ ಕೂಡಿಡುವವರು ಬೆರಳೆಣಿಕೆಯಷ್ಟು ಜನ. ಅಷ್ಟು ಜನರಾದರೂ ಇದನ್ನು ಕೊನೆಯವರೆಗೆ ಓದಿ. ರಾಯಚೂರಿನಲ್ಲಿ ಕುಳಿತು ಈ ವ್ಯಾಪಾರ ಮಾಡುವ ಒಬ್ಬ ಮಹಾಶಯನಿದ್ದಾನೆ. ಹೆಸರು ಬರೆಯುತ್ತಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಮಾತು ಮಾತಿಗೆ ‘ಮಿಂಟ್’ ಎನ್ನುತ್ತಾನೆ, ಅಂದರೆ ಅಚ್ಚಿನಿಂದ ಈಗಷ್ಟೇ ಬಂದಂತಿರುವ ಪ್ರತಿ. ಅದಕ್ಕಿಂತ ಹೆಚ್ಚಾಗಿ ‘ಕವರ್ ಮಾತ್ರ ತೆರೆಯಬೇಡಿ ಸರ್’ ಎನ್ನುತ್ತಾನೆ; ಪುಸ್ತಕವನ್ನು ಒಳಗಿಟ್ಟು ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೇ ಅವನ ಕವರ್. ಈ ಎರಡು ಮಾತು ಒಟ್ಟಿಗೆ ಕೇಳಿಬಂದರೆ ಅವನೇ ಎಂದು ತಿಳಿಯಿರಿ.

ನನ್ನಿಂದ 18,000 ರೂಪಾಯಿ ಕಿತ್ತುಕೊಂಡ. ಒಂದು ಪುಸ್ತಕಕ್ಕೆ. ಅದನ್ನು ಪುಸ್ತಕ ಎನ್ನುವುದಕ್ಕೂ ಈಗ ನಾಲಿಗೆ ಹೊರಳುವುದಿಲ್ಲ.

ಇಂದ್ರಜಾಲ ಕಾಮಿಕ್ಸ್ ಶುರುವಾದದ್ದು 1964ರ ಮಾರ್ಚ್‌ನಲ್ಲಿ. ಬೆಲೆ 60 ಪೈಸೆ, ಗೋವಿಂದ್ ಬಿಡಿಸಿದ ಮುಖಪುಟಗಳು. ಆ ಮೊದಲ ವರ್ಷದ ಸಂಚಿಕೆಗಳು ನಮ್ಮ ಕಡೆ ಸಿಕ್ಕರೂ ಹೇಗಿರುತ್ತವೆ ಎಂದು ಕೂಡಿಡುವವರಿಗೆಲ್ಲ ಗೊತ್ತು. ಮುಖಪುಟದ ಮೇಲೆ ಯಾರದೋ ಹೆಸರು, ತರಗತಿ, ಸೆಕ್ಷನ್. ಬಾಡಿಗೆ ಪುಸ್ತಕದಂಗಡಿಯ ನೇರಳೆ ಮೊಹರು. ಬೆನ್ನಿಗೆ ಬಿಳಿ ದಾರದ ಹೊಲಿಗೆ. ನ್ಯೂಸ್‌ಪ್ರಿಂಟ್ ಕಾಗದ ತಾನಾಗಿಯೇ ಹಳದಿಯಾಗುತ್ತದೆ. ಮೇಲೆ ನಮ್ಮ ಬೇಸಿಗೆ, ಟ್ರಂಕಿನಲ್ಲಿ ಇಟ್ಟರೂ ಮಡಿಕೆಯ ಬಳಿ ಹಪ್ಪಳದಂತೆ ಮುರಿಯುತ್ತದೆ. ಹೀಗಿರುವಾಗ ಒಬ್ಬ ‘1964ರದ್ದು, ಮುಟ್ಟದ ಪ್ರತಿ, ಗ್ರೇಡ್ 9.4’, ಅಂದರೆ ಹತ್ತಕ್ಕೆ 9.4 ಅಂಕ, ಎಂದು ಫೋಟೊ ಕಳುಹಿಸಿದರೆ ಯಾರಿಗೆ ನಿದ್ದೆ ಬರುತ್ತದೆ?

ಫೋಟೊದ ಹಿಂದೆಯೇ ಅವನ ಪುರಾಣವೂ ಬಂತು. ಅಮೆರಿಕದಲ್ಲಿ 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ, 10 ಸೆಂಟಿನ ಪುಸ್ತಕ, 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು, ಅದರ ಗ್ರೇಡ್ 8.5 ಮಾತ್ರ, ನನ್ನದು 9.4 ಸರ್! ಆ ಹರಾಜಿನ ಸಂಗತಿ ನಿಜ. ಆದರೆ ಆ 8.5 ಕೊಟ್ಟದ್ದು ಸಿ.ಜಿ.ಸಿ. ಎಂಬ ಸಂಸ್ಥೆ. 2000ದಿಂದ ಅದು ಮಾಡುತ್ತಿರುವುದು ಇದೇ ಕೆಲಸ. ಪುಸ್ತಕವನ್ನು ಹಾಳೆ ಹಾಳೆ ತಿರುವಿ ನೋಡಿ, ಹತ್ತರ ಅಳತೆಯಲ್ಲಿ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡುತ್ತದೆ. ಪ್ರತಿ ಪೆಟ್ಟಿಗೆಗೂ ಒಂದು ಸಂಖ್ಯೆ. ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಬಹುದು. ಬಣ್ಣ ಹಚ್ಚಿದ, ಅಂಚು ಕತ್ತರಿಸಿದ, ರಿಪೇರಿ ಮಾಡಿದ ಪ್ರತಿಯಾದರೆ ನೇರಳೆ ಚೀಟಿ ಅಂಟಿಸುತ್ತಾರೆ, ಬೆಲೆ ಪಾತಾಳಕ್ಕೆ ಇಳಿಯುತ್ತದೆ.

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಚಹಾ ಅಂಗಡಿಯಲ್ಲಿ ಅವನು ತಂದು ತೋರಿಸಿದ್ದು ಅಂಥದೇ ಒಂದು ಪೆಟ್ಟಿಗೆ, ನೋಡುವುದಕ್ಕೆ. ಮೇಲೆ ಅಚ್ಚುಕಟ್ಟಾದ ಚೀಟಿ, 9.4 ಎಂದು ದಪ್ಪ ಅಕ್ಷರ. ಸಂಖ್ಯೆ ಎಲ್ಲಿ ಎಂದು ಕೇಳಿದೆ. ‘ಅದು ಅಮೆರಿಕದವರದ್ದು ಸರ್, ಇಂಡಿಯಾದ ಕಾಮಿಕ್ಸ್‌ಗೆ ನಮ್ಮದೇ ಗ್ರೇಡಿಂಗ್’ ಎಂದ. ತೆರೆದು ತೋರಿಸಿ ಎಂದೆ. ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ. ‘ಅಯ್ಯೋ ಸರ್! ಗಾಳಿ ತಾಗಿದರೆ ಗ್ರೇಡ್ ಇಳಿಯುತ್ತದೆ. ನೀವು ತಿಳಿದವರು, ನಿಮಗೆ ನಾನು ಹೇಳಬೇಕೇ?’ ಈ ‘ತಿಳಿದವರು’ ಎಂಬ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. ಮುಂಗಡ ಆಗಲೇ ಕೊಟ್ಟಾಗಿತ್ತು. ಉಳಿದದ್ದನ್ನು ಅಲ್ಲೇ ಮೊಬೈಲಿನಿಂದ ಕಳುಹಿಸಿದೆ. ಚಹಾದ ಹಣವನ್ನೂ ನಾನೇ ಕೊಟ್ಟೆ ಎಂಬುದನ್ನು ಬರೆಯಬಾರದೆಂದುಕೊಂಡಿದ್ದೆ, ಬರೆದುಬಿಟ್ಟೆ.

ಭಾನುವಾರ ಗೆಳೆಯರನ್ನು ಮನೆಗೆ ಕರೆದಿದ್ದೆ. ಅಂಚೆ ಇಲಾಖೆಯಿಂದ ನಿವೃತ್ತರಾದ ನನ್ನ ಸೋದರಮಾವನೂ ಬಂದಿದ್ದರು. ಸಿರುಗುಪ್ಪದಲ್ಲಿ ಹುಡುಗನಾಗಿದ್ದಾಗ ಇವನ್ನೆಲ್ಲ ಬಾಡಿಗೆಗೆ ತಂದು ಓದಿದವರು. ಅವರದು ಒಂದೇ ಹಟ, ಒಳಗಿನ ಚಿತ್ರ ನೋಡಬೇಕು. ಎಲ್ಲರ ಮುಂದೆ ಬ್ಲೇಡಿನಿಂದ ಪೆಟ್ಟಿಗೆಯ ಅಂಚು ಸೀಳಿ ಕೊಟ್ಟೆ. ಮಾವ ಕತೆಯನ್ನು ಸರಸರ ತಿರುವಿದರು, ಕೊನೆಯ ಹಾಳೆಗೆ ಬಂದು ನಿಂತರು. ಅಲ್ಲೊಂದು ಜಾಹೀರಾತು, ಕತ್ತರಿಸಿ ಕಳುಹಿಸುವ ಕೂಪನ್, ಅದರಲ್ಲಿ ಬಾಂಬೆಯ ವಿಳಾಸ. ಮಾವ ಕನ್ನಡಕ ಮೇಲೆತ್ತಿ ಇನ್ನೊಮ್ಮೆ ನೋಡಿದರು.

‘ಇದು ಯಾವ ವರ್ಷದ್ದು ಎಂದೆಯಪ್ಪ?’

‘ಅರವತ್ತನಾಲ್ಕು, ಮಾವ.’

‘ಅರವತ್ತನಾಲ್ಕರಲ್ಲಿ ಪಿನ್ ಕೋಡ್ ಎಲ್ಲಿತ್ತೋ?’

ಆರು ಅಂಕಿ. ನಾನೂರರಿಂದ ಶುರು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೆ ಮೊದಲು ಬಾಂಬೆ-1 ಎಂದು ವಲಯದ ಅಂಕಿ ಬರೆಯುತ್ತಿದ್ದರು, ಅಷ್ಟೇ. ಮಾವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಜನರಿಗೆ ಪಿನ್ ಬರೆಯುವುದನ್ನು ರೂಢಿ ಮಾಡಿಸುವುದೇ ದೊಡ್ಡ ತಲೆನೋವಾಗಿತ್ತಂತೆ. ಆ ಕತೆಯನ್ನು ಅವರು ಆಗಲೇ ಎಲ್ಲರಿಗೂ ಹೇಳುತ್ತಾ ಕುಳಿತರು. ಗೆಳೆಯರು ನಗುತ್ತಿದ್ದರು. ಒಬ್ಬನಂತೂ ‘ಮುಂದಿನ ತಿಂಗಳು ಆಧಾರ್ ಸಂಖ್ಯೆ ಇರುವ ಪ್ರತಿ ಬರುತ್ತದೆ ನೋಡು’ ಎಂದ. ನಾನು ಆ ಹಾಳೆಯನ್ನೇ ನೋಡುತ್ತಿದ್ದೆ.

ಮರುದಿನ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನಗೆ ಪರಿಚಯವಿರುವ ಬೈಂಡಿಂಗ್ ಕೆಲಸದವರ ಹತ್ತಿರ ಒಯ್ದೆ. ಲೆಕ್ಕದ ಪುಸ್ತಕಗಳನ್ನು ಹೊಲಿದು ಹೊಲಿದು ಬೆರಳು ಗಟ್ಟಿಯಾದ ಮನುಷ್ಯ. ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದು ಓರೆ ಮಾಡಿದರು, ಅಷ್ಟೇ. ‘ಸರ್, ಇದರ ಮೂರೂ ಅಂಚು ಕಟಿಂಗ್ ಮಿಷನ್ನಿನಲ್ಲಿ ಹೊಸದಾಗಿ ಕತ್ತರಿಸಿದ್ದು. ಹಳೆಯ ಅಂಚು ಇಷ್ಟು ಬೆಳ್ಳಗಿರುವುದಿಲ್ಲ.’ ನಡುವಿನ ತಂತಿ ಪಳಪಳ ಹೊಳೆಯುತ್ತಿತ್ತು. ಅದರ ಪಕ್ಕದಲ್ಲೇ, ಅಕ್ಕಿಕಾಳಿನ ದೂರದಲ್ಲಿ, ಹಳೆಯ ತಂತಿಯ ಎರಡು ತೂತು, ಸುತ್ತ ತುಕ್ಕಿನ ಕಂದು ಕಲೆ. ಕೊನೆಯ ಹಾಳೆ ಬೇರೆ ಸಂಚಿಕೆಯಿಂದ ಕತ್ತರಿಸಿ ತಂದು ಗೋಂದಿನಿಂದ ಅಂಟಿಸಿದ್ದು, ಗೋಂದಿನ ಗೆರೆ ಉಗುರಿಗೆ ಸಿಗುತ್ತಿತ್ತು. ಮುಖಪುಟದ ಬೆನ್ನಿನುದ್ದಕ್ಕೂ ಕೆಂಪು ಸ್ಕೆಚ್ ಪೆನ್ನು ಹಚ್ಚಿ ಬಿಳಿ ಸವೆತ ಮುಚ್ಚಿದ್ದಾನೆ. ಒಳಬದಿಗೆ ತಿರುವಿದರೆ ಬಣ್ಣ ಕಾಗದ ದಾಟಿ ಬಂದಿದೆ. ಬೈಂಡಿಂಗ್‌ನವರು ಕೊನೆಗೆ ಹೇಳಿದ್ದು ಇನ್ನೂ ಸಿಟ್ಟು ತರಿಸಿತು: ‘ಕೆಲಸ ಚೆನ್ನಾಗಿ ಮಾಡಿದ್ದಾರೆ ಸರ್.’

ಇನ್ನು ಅವನ ಉತ್ತರಗಳು. ಒಂದೊಂದಕ್ಕೂ ಬಹುಮಾನ ಕೊಡಬೇಕು.

ಮೊದಲು ಫೋಟೊ ಕಳುಹಿಸಿ ಕೇಳಿದೆ. ‘ಹಳೆಯ ಪುಸ್ತಕವೆಂದಮೇಲೆ ಇದೆಲ್ಲ ಸಹಜ ಸರ್.’ ಹಾಗಾದರೆ 9.4 ಎಲ್ಲಿಂದ ಬಂತು ಮಾರಾಯ? ಕೊನೆಯ ಹಾಳೆಯ ಬಗ್ಗೆ ಕೇಳಿದರೆ, ‘ಅದು ಜಾಹೀರಾತು ತಾನೆ ಸರ್, ಕತೆ ಪೂರ್ತಿ ಇದೆಯಲ್ಲ.’ ಪಿನ್ ಕೋಡ್ ಬಂದದ್ದೇ 1972ರಲ್ಲಿ ಎಂದು ಬರೆದರೆ, ‘ಬಾಂಬೆ ದೊಡ್ಡ ಊರು, ಅಲ್ಲಿಗೆ ಮೊದಲೇ ಬಂದಿತ್ತು.’ ಇದನ್ನು ಮಾವನಿಗೆ ತೋರಿಸಿದೆ, ಅವರು ಉಂಡ ಅನ್ನ ನೆತ್ತಿಗೇರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ. ಹಣ ವಾಪಸ್ ಕೊಡಿ ಎಂದೆ. ಆಗ ಬಂತು ಅಸಲಿ ಮಾತು: ‘ಪೆಟ್ಟಿಗೆ ತೆರೆದಿದ್ದೀರಿ. ತೆರೆಯಬೇಡಿ ಎಂದು ಮೊದಲೇ ಹೇಳಿದ್ದೆ. ತೆರೆದ ಮಾಲಿಗೆ ವಾಪಸ್ ಇಲ್ಲ.’

ನೋಡಿದಿರಾ? ತೆರೆಯದಿದ್ದರೆ ಮೋಸ ಗೊತ್ತಾಗುವುದಿಲ್ಲ, ತೆರೆದರೆ ಹಣ ಬರುವುದಿಲ್ಲ. ಪೆಟ್ಟಿಗೆ ಇರುವುದು ಪುಸ್ತಕ ಕಾಯುವುದಕ್ಕಲ್ಲ, ಅವನನ್ನು ಕಾಯುವುದಕ್ಕೆ.

ನಾನು ಬಿಡಲಿಲ್ಲ. ಕೊನೆಗೆ ದೊಡ್ಡ ಮನಸ್ಸು ಮಾಡಿದವನ ಹಾಗೆ, ಬದಲಿಗೆ ಅಮರ ಚಿತ್ರ ಕಥೆಯ ‘ಕೃಷ್ಣ’, 11ನೇ ಸಂಚಿಕೆ, ಇಂಗ್ಲಿಷ್, ಮೊದಲ ಮುದ್ರಣ ಕೊಡುತ್ತೇನೆ, ಮೇಲೆ ಎರಡು ಸಾವಿರ ಹಾಕಿ ಎಂದ. ಇನ್ನೂ ಎರಡು ಸಾವಿರ! ಆ ಸರಣಿಯ ಪುಸ್ತಕಗಳು ಎಷ್ಟು ಸಲ ಮರುಮುದ್ರಣವಾಗಿವೆ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಪ್ರಕಾಶಕರ ವಿಳಾಸ ಇರುವ ಪುಟದ ಫೋಟೊ ಕೇಳಿದೆ. ಏನು ಧೈರ್ಯವೋ, ಕಳುಹಿಸಿದ. ಊರ ಹೆಸರು ‘ಮುಂಬೈ’ ಎಂದಿದೆ. ಬಾಂಬೆ ಮುಂಬೈ ಆದದ್ದು 1995ರಲ್ಲಿ. ‘ಕೃಷ್ಣ’ ಮೊದಲು ಬಂದದ್ದು 1970ರ ಆಸುಪಾಸಿನಲ್ಲಿ. ಅಂಚೆ ಇಲಾಖೆಯ ಮಾವನೂ ಬೇಕಾಗಿಲ್ಲ ಇದಕ್ಕೆ.

ಅದನ್ನು ಬರೆದು ಕಳುಹಿಸಿದ ಮೇಲೆ ಅವನ ದನಿ ಬದಲಾಯಿತು. ‘ಸರ್’ ಹೋಯಿತು. ‘ನಮ್ಮ ಮನೆಯಲ್ಲೇ ವಕೀಲರಿದ್ದಾರೆ, ಎಲ್ಲಾದರೂ ನನ್ನ ಹೆಸರು ಹಾಕಿದರೆ ಮಾನನಷ್ಟದ ನೋಟಿಸ್ ಬರುತ್ತದೆ’ ಎಂದ. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ. ಠಾಣೆಗೆ ಹೋದೆ. ವಿಷಯ ಅರ್ಥ ಮಾಡಿಸುವುದರಲ್ಲೇ ಮಧ್ಯಾಹ್ನವಾಯಿತು. ‘ಹಣ ಕೊಟ್ಟಿದ್ದೀರಿ, ಪುಸ್ತಕ ಬಂದಿದೆ, ಇನ್ನೇನು?’ ಎಂದರು. ಅರವತ್ತು ಪೈಸೆಯ ಪುಸ್ತಕಕ್ಕೆ ಹದಿನೆಂಟು ಸಾವಿರ ಯಾಕೆ ಕೊಟ್ಟಿರಿ ಎಂದು ಅಲ್ಲಿದ್ದವರೊಬ್ಬರು ಕೇಳಿದರು. ಅದಕ್ಕೆ ಠಾಣೆಯಲ್ಲಿ ನಿಂತು ಉತ್ತರ ಹೇಳುವುದು ಸುಲಭವಲ್ಲ. ದೂರಿನ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು ಬಂದಿದ್ದೇನೆ.

ನಮ್ಮವರಲ್ಲಿ ಇಬ್ಬರಿಗೆ ಈ ಮಾತು ಹೇಳಿದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ‘ನನಗೂ ಅವನೇ ಕೊಟ್ಟಿದ್ದು’ ಎಂದರು. ಒಬ್ಬರು ಕೊಪ್ಪಳದವರು, ಇನ್ನೂ ಪೆಟ್ಟಿಗೆ ತೆರೆದಿಲ್ಲ. ತೆರೆಯಲು ಧೈರ್ಯವಿಲ್ಲವಂತೆ. ಮರ್ಯಾದೆಗೆ ಅಂಜಿ ಇವರೆಲ್ಲ ಬಾಯಿ ಮುಚ್ಚಿಕೊಂಡಿದ್ದರಿಂದಲೇ ಅವನು ನನ್ನವರೆಗೆ ಬಂದ. ಈ ಸಿಟ್ಟು ಅವರ ಮೇಲೂ ಇದೆ, ಓದುತ್ತಿದ್ದರೆ ಓದಲಿ.

ಕೊಳ್ಳುವವರು ಮುಂಗಡ ಕೊಡುವ ಮೊದಲು ನಡುವಿನ ತಂತಿ, ಮುಖಪುಟದ ಒಳಬದಿ, ಕೊನೆಯ ಹಾಳೆ, ಈ ಮೂರರ ಫೋಟೊ ಹಗಲು ಬೆಳಕಿನಲ್ಲಿ ತೆಗೆಸಿಕೊಳ್ಳಿ. ಅದೇ ವರ್ಷದ ಬೇರೊಂದು ಸಂಚಿಕೆ ನಿಮ್ಮಲ್ಲಿದ್ದರೆ ಒಯ್ದು ಮೇಲಿಟ್ಟು ಅಳತೆ ನೋಡಿ. ಜಾಹೀರಾತುಗಳ ವಿಳಾಸ ಓದಿ. ಇಂಥವರು ಕತೆಯ ಪುಟ ನೋಡಿಕೊಳ್ಳುತ್ತಾರೆ, ಜಾಹೀರಾತು ಮರೆಯುತ್ತಾರೆ. ಸಂಖ್ಯೆ ಇಲ್ಲದ ಗ್ರೇಡ್ ಚೀಟಿಗೆ ಐದು ಪೈಸೆಯ ಬೆಲೆಯಿಲ್ಲ.

ನಿನ್ನೆ ಗೆಳೆಯನ ಮೊಬೈಲಿನಲ್ಲಿ ನೋಡಿದೆ, ಅವನು ಹೊಸದೊಂದು ಮಾಲು ಹಾಕಿದ್ದಾನೆ. 1965ರದ್ದಂತೆ, 9.6 ಅಂತೆ, 22,000 ರೂಪಾಯಿಯಂತೆ. ಕೊನೆಯ ಹಾಳೆಯ ಫೋಟೊ ಕಳುಹಿಸು ಎಂದು ಗೆಳೆಯನ ನಂಬರಿನಿಂದಲೇ ಕೇಳಿಸಿದೆ. ಓದಿದ ಗುರುತು ಬಂದಿದೆ, ಉತ್ತರ ಬಂದಿಲ್ಲ.