ಪೊಪೆರಿಂಗೆಯ ಟಾಲ್ಬಟ್ ಹೌಸ್: ಕೆಳಗೆ ಚಹಾ, ಅಟ್ಟದಲ್ಲಿ ಪಾಪನಿವೇದನೆ

ಬೆಲ್ಜಿಯಂನ ಪಶ್ಚಿಮ ಅಂಚಿನಲ್ಲಿರುವ ಪೊಪೆರಿಂಗೆ, ರೈಲು ಹಳಿ ಮುಗಿಯುವ ಊರು. ಮೊದಲ ಮಹಾಯುದ್ಧದ ರಣರಂಗವಾಗಿದ್ದ ಈಪರ್ ಪಟ್ಟಣದಿಂದ ಅಲ್ಲಿಗೆ ಸುಮಾರು 12 ಕಿಲೋಮೀಟರ್. ಗೆಂಟ್‌ನಲ್ಲಿರುವ ಮಗಳ ಮನೆಗೆ ಬಂದಿದ್ದ ನಾನು ಅಲ್ಲಿನ ಟಾಲ್ಬಟ್ ಹೌಸ್‌ನಲ್ಲಿ ಒಂದು ರಾತ್ರಿ ತಂಗಿದ್ದೆ. ಅದು ಈಗ ವಸ್ತುಸಂಗ್ರಹಾಲಯವೂ ಹೌದು, ಅತಿಥಿಗೃಹವೂ ಹೌದು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಸೇವೆ ಮುಗಿಸಿದ, ಧಾರವಾಡದ ಕ್ರೈಸ್ತ ಮನೆತನದವನು ನಾನು ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಸಾಮಾನ್ಯ ಪ್ರವಾಸಿಯ ಕಣ್ಣಿನಿಂದ ಈ ಮನೆಯನ್ನು ನೋಡಲು ನನಗೆ ಸಾಧ್ಯವಾಗಲಿಲ್ಲ, ಓದುವವರು ಅಷ್ಟು ರಿಯಾಯಿತಿ ಕೊಟ್ಟೇ ಓದಬೇಕು.

ಮೊದಲ ಮಹಾಯುದ್ಧದಲ್ಲಿ ಈ ಊರು ಬ್ರಿಟಿಷ್ ಸೇನೆಯ ಬೆನ್ನ ಹಿಂದಿನ ತಂಗುದಾಣವಾಗಿತ್ತು. ಕಂದಕಗಳಿಂದ ಬಿಡುವು ಸಿಕ್ಕ ಸೈನಿಕರು ಇಲ್ಲಿಗೆ ಬಂದು ಕುಡಿಯುತ್ತಿದ್ದರು, ಸಂಬಳವನ್ನು ಬೇರೆ ಬೇರೆ ಬಾಗಿಲುಗಳಲ್ಲಿ ಕಳೆಯುತ್ತಿದ್ದರು, ಮತ್ತೆ ಈಪರ್‌ನತ್ತ ಹೊರಡುತ್ತಿದ್ದರು. ಅವರಿಗಾಗಿ ಫಿಲಿಪ್ ಕ್ಲೇಟನ್ ಮತ್ತು ನೆವಿಲ್ ಟಾಲ್ಬಟ್ ಎಂಬ ಇಬ್ಬರು ಸೇನಾ ಪಾದ್ರಿಗಳು ಹಾಪ್ (ಬಿಯರ್‌ಗೆ ಹಾಕುವ ಹೂವು) ವ್ಯಾಪಾರಿಯೊಬ್ಬರ ಮನೆಯನ್ನು ಪಡೆದು, 1915ರ ಡಿಸೆಂಬರ್ 11ರಂದು ಅದರ ಬಾಗಿಲು ತೆರೆದರು. ನೆವಿಲ್ ಅವರ ತಮ್ಮ ಗಿಲ್ಬರ್ಟ್ ಅದೇ ವರ್ಷದ ಜುಲೈನಲ್ಲಿ ಹೂಗೆ ಎಂಬಲ್ಲಿ ಯುದ್ಧದಲ್ಲಿ ಸತ್ತಿದ್ದ; ಅವನ ಹೆಸರನ್ನು ಮನೆಗೆ ಇಟ್ಟರು. ಅಲ್ಲಿಯವರೆಗೆ ಇದೇ ರಂಗದಲ್ಲಿ ಕಾದಿದ್ದ ನಮ್ಮ ದೇಶದ ಪದಾತಿ ಡಿವಿಷನ್‌ಗಳು ಅದೇ ವರ್ಷದ ಕೊನೆಯಲ್ಲಿ ಮೆಸಪೊಟೇಮಿಯಾಕ್ಕೆ ಹೊರಟುಹೋದವು. ಯುದ್ಧದಲ್ಲಿ ಸತ್ತು ಸಮಾಧಿ ಸಿಗದವರ ಸ್ಮಾರಕವಾದ ಈಪರ್‌ನ ಮೆನಿನ್ ದ್ವಾರದಲ್ಲಿ ಭಾರತೀಯರ ಹೆಸರುಗಳಿವೆ. ಆದರೆ ಈ ಮನೆಯ ನೆನಪುಗಳು ಬಹುಪಾಲು ಬೇರೆಯವರದು.

ಒಳಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಇಷ್ಟವಾಗುವುದು ಕ್ಲೇಟನ್ ಬರೆಸಿದ ತಮಾಷೆಯ ಫಲಕಗಳು. ನಿರಾಶಾವಾದಿಗಳಿಗೆ ಹೊರಹೋಗುವ ದಾರಿಯನ್ನು ಒಂದು ಫಲಕ ತೋರಿಸಿದರೆ, ಒಳಬರುವವರು ತಮ್ಮ ಹುದ್ದೆಯನ್ನು ಹೊರಗೇ ಬಿಡಬೇಕೆಂದು ಇನ್ನೊಂದು ಹೇಳುತ್ತದೆ. ಸೇನೆಯಲ್ಲಿದ್ದವನಿಗೆ ಈ ಎರಡನೆಯದು ತಮಾಷೆ ಅನ್ನಿಸುವುದಿಲ್ಲ. ಸುಬೇದಾರನ ಮುಂದೆ ಸಿಪಾಯಿ, ಕರ್ನಲ್‌ನ ಮುಂದೆ ಸುಬೇದಾರ ತನ್ನ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲಾರದ ಲೋಕದಲ್ಲಿ, ಯುದ್ಧ ನಡೆಯುತ್ತಿರುವಾಗಲೇ ಅಂಥ ಒಂದು ಹೊಸ್ತಿಲನ್ನು ಇಡುವುದಕ್ಕೆ ಧೈರ್ಯ ಬೇಕು. ಗ್ರಂಥಾಲಯದಿಂದ ಪುಸ್ತಕ ಬೇಕಾದವನು ತನ್ನ ಟೋಪಿಯನ್ನು ಅಡವಿಟ್ಟು ಹೋಗಬೇಕಿತ್ತಂತೆ. ಟೋಪಿಯಿಲ್ಲದೆ ಸಿಪಾಯಿ ಎಲ್ಲಿಗೂ ಹೋಗಲಾರನಾದ್ದರಿಂದ ಪುಸ್ತಕ ತಿರುಗಿ ಬರುತ್ತಿತ್ತು. ಕ್ವಾರ್ಟರ್‌ಮಾಸ್ಟರ್ ಒಪ್ಪುವಂಥ ಬುದ್ಧಿ.

ನಾನು ಬಂದದ್ದು ಅಟ್ಟಕ್ಕಾಗಿ. ಏಣಿಯಂತೆ ಕಡಿದಾದ ಮೆಟ್ಟಿಲುಗಳನ್ನು ಹತ್ತಿದರೆ, ಹಿಂದೆ ಹಾಪ್ ಒಣಗಿಸುತ್ತಿದ್ದ ಮಾಡಿನ ಕೆಳಗೆ ಪ್ರಾರ್ಥನಾಲಯವಿದೆ. ಅದನ್ನು ಮೇಲಂತಸ್ತಿನ ಕೊಠಡಿ ಎಂದೇ ಕರೆಯುತ್ತಾರೆ; ಕರ್ತನ ಕೊನೆಯ ಭೋಜನ ನಡೆದ ಕೊಠಡಿಯ ನೆನಪಿನ ಹೆಸರು ಅದು. ಅಲ್ಲಿನ ಯಜ್ಞವೇದಿ ಒಂದು ಬಡಗಿಯ ಬೆಂಚು. ತೋಟದ ಶೆಡ್‌ನಲ್ಲಿ ಸಿಕ್ಕಿದ ಅದನ್ನೇ ಮೇಲೆ ತಂದು ಇಟ್ಟುಕೊಂಡರು. ಮರುದಿನ ಸಾಯಬಹುದಾದ ಸಾವಿರಾರು ಜನ ಈ ಬೆಂಚಿನ ಮುಂದೆ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ಪಡೆದರು. ಅದಕ್ಕೆ ಮುಂಚೆ ಆಂಗ್ಲಿಕನ್ ಆರಾಧನಾ ಕ್ರಮದಂತೆ, ಮನಸ್ಸಿನಿಂದ, ಮಾತಿನಿಂದ, ಕೃತ್ಯದಿಂದ ಮಾಡಿದ ಪಾಪಗಳನ್ನು ಬಾಯಿಂದ ಒಪ್ಪಿಕೊಂಡರು.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಲೇಬೇಕು. 2002ರಲ್ಲಿ, ಪಾಕಿಸ್ತಾನದ ಗಡಿಗೆ ನಮ್ಮ ಸೇನೆ ಜಮಾಯಿಸಿದ್ದ ಆಪರೇಷನ್ ಪರಾಕ್ರಮ್‌ನ ದಿನಗಳಲ್ಲಿ, ಪಶ್ಚಿಮ ಗಡಿಯಲ್ಲಿ ನಾವೇ ಹೂತಿದ್ದ ನೆಲಬಾಂಬುಗಳನ್ನು ತೆಗೆಯುವ ಕೆಲಸ ನಮ್ಮ ತುಕಡಿಗೆ ಬಂತು. ಮನೆಯ ಕಾರ್ಯದ ನೆಪ ಹೇಳಿ ನಾನು ರಜೆ ಪಡೆದೆ. ನನ್ನ ಪಾಳಿಯಲ್ಲಿ ನಿಂತ ಹುಡುಗ ಬಲಗಾಲು ಕಳೆದುಕೊಂಡ. ಮುಂದೆ ಇಪ್ಪತ್ತು ವರ್ಷ ಕಮಾಂಡರ್, ಹೆಂಡತಿ, ನಮ್ಮ ಸಭಾಪಾಲಕರು, ಎಲ್ಲರೂ ಒಂದೇ ಮಾತು ಹೇಳಿದರು: ನಿನ್ನ ತಪ್ಪೇನೂ ಇಲ್ಲ. ಅದು ಕಾರ್ಯದ ರಜೆಯಲ್ಲ, ಹೆದರಿಕೆಯ ರಜೆ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಪ್ಪಿಲ್ಲ ಎಂದವನಿಗೆ ಕ್ಷಮೆ ಕೊಡಲು ಬರುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಆಡಿದ ಆ ಮಾತು ಪ್ರತಿ ಸಲವೂ ನನ್ನ ಬಾಯಿಗೆ ಬೀಗ ಹಾಕುತ್ತಿತ್ತು.

ಮಾಡಿನ ಕೆಳಗಿನ ಆ ಬೆಂಚಿನ ಮುಂದೆ, ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದ ಕನ್ನಡದ ಪಾಪನಿವೇದನೆಯನ್ನು ಹೇಳಿದೆ, ಮೊದಲ ಬಾರಿಗೆ ಅದರೊಳಗೆ ಆ ರಜೆಯನ್ನೂ ಸೇರಿಸಿದೆ. ಪಾಪವಿಮೋಚನೆಯನ್ನು ಸಾರಲು ಪಾದ್ರಿ ಇರಲಿಲ್ಲ. ಆದರೂ ಅಂದು ಅಲ್ಲಿ ಕುಳಿತ ಸೈನಿಕರೆಲ್ಲ ನನ್ನಂಥವರೇ ಆಗಿದ್ದರೆಂಬ ತಿಳಿವಳಿಕೆಯೇ ಅರ್ಧ ಉಪದೇಶದ ಕೆಲಸ ಮಾಡಿತು: ಬದುಕಿ ಉಳಿದದ್ದಕ್ಕೆ ನಾಚಿದವರು, ಕೊಂದದ್ದಕ್ಕೆ ನಿದ್ದೆ ಬಾರದವರು, ಊರಿನ ಇನ್ನಾವುದೋ ಬಾಗಿಲಿನಿಂದ ನೇರವಾಗಿ ಇಲ್ಲಿಗೆ ಬಂದವರು. ಹಗುರವಾಯಿತೇ ಎಂದರೆ, ಆಯಿತು. ಪೂರ್ತಿ ಕರಗಿತು ಎನ್ನಲಾರೆ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಯೇಸು ಹೇಳಿದ್ದಾನಲ್ಲ, ಆ ಲೆಕ್ಕ ಬಾಕಿ ಇತ್ತು. ಸೈನಿಕರು ಮನೆಗೆ ಕಾಗದ ಬರೆಯುತ್ತಿದ್ದ ಮನೆಯಲ್ಲೇ ಕುಳಿತು, ನಾಮಕ್ಕಲ್ ಕಡೆಯ ಆ ಹುಡುಗನಿಗೆ, ಈಗ ಅವನೂ ನಡುವಯಸ್ಸಿನವನು, ಪಲ್ಟನ್ನಿನ ಹಿಂದಿಯಲ್ಲಿ ಎರಡು ಪುಟ ಬರೆದೆ.

ಪುರಭವನದ ಅಂಗಳವನ್ನೂ ತಪ್ಪಿಸಬೇಡಿ. ಮರಣದಂಡನೆಗೆ ಗುರಿಯಾದ ಸೈನಿಕರನ್ನು ಕೊನೆಯ ರಾತ್ರಿ ಕೂಡಿಟ್ಟ ಕೋಣೆಗಳೂ ಗುಂಡಿಕ್ಕಿದ ಕಂಬವೂ ಅಲ್ಲಿವೆ. ಓಡಿಹೋದದ್ದಕ್ಕೆ, ಹೇಡಿತನಕ್ಕೆ ಎಂದೆಲ್ಲ ಸ್ವಂತ ಸೇನೆಯ ಗುಂಡಿಗೆ ಸತ್ತಂಥ 306 ಮಂದಿಗೆ ಬ್ರಿಟನ್ 2006ರಲ್ಲಿ ಕ್ಷಮೆ ಕೊಟ್ಟಿತು. ಹೆದರಿ ರಜೆಯ ಅರ್ಜಿ ಬರೆದವನಿಗೆ ಆ ಕಂಬದ ಮುಂದೆ ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಇನ್ನು ವ್ಯವಸ್ಥೆಯ ಮಾತು. ಕೋಣೆಗಳು ಸರಳವಾಗಿವೆ, ನನ್ನದಕ್ಕೆ ಸ್ನಾನದ ಮನೆ ಹಂಚಿಕೆಯದು. ಬ್ಯಾರಕ್ ಕಂಡವರಿಗೆ ಇದು ಐಷಾರಾಮವೇ. ಅಡುಗೆಮನೆಯಲ್ಲಿ ಸ್ವಯಂಸೇವಕರು ಚಹಾ ಕೊಡುತ್ತಾರೆ. ಅದು ಇಂಗ್ಲಿಷರ ಚಹಾ, ನಮ್ಮ ಖಡಕ್ ಚಹಾದ ಆಸೆ ಬೇಡ. ತೋಟದಲ್ಲಿ ಕೂರಲು ಬೆಂಚುಗಳಿವೆ. ಮೊಣಕಾಲು ನೋವಿನವರು ಅಟ್ಟ ಹತ್ತುವ ಮುಂಚೆ ಯೋಚಿಸಲಿ, ಇಳಿಯುವಾಗ ಹಿಮ್ಮುಖವಾಗಿ ಇಳಿಯಲಿ. ಒಂದೇ ದಿನವಿದ್ದರೆ ಬೆಳಿಗ್ಗೆ ಊರ ಹೊರಗಿನ ಲೈಸೆಂಟ್‌ಹೂಕ್ ಸ್ಮಶಾನಕ್ಕೆ ಹೋಗಿ. ಯುದ್ಧಕಾಲದ ಆಸ್ಪತ್ರೆಗಳ ಪಕ್ಕದಲ್ಲಿ 10,000ಕ್ಕೂ ಹೆಚ್ಚು ಮಂದಿಯನ್ನು ಅಲ್ಲಿ ಹೂಳಲಾಗಿದೆ. ಮಧ್ಯಾಹ್ನ ಟಾಲ್ಬಟ್ ಹೌಸ್‌ಗೆ ಬಂದು ಮೊದಲು ಚಹಾ ಕುಡಿಯಿರಿ, ಅಟ್ಟವನ್ನು ಕೊನೆಗೆ ಇಟ್ಟುಕೊಳ್ಳಿ.