ಡಾಸ್‌ನಲ್ಲಿ ಒಂದೇ ನೆಟ್‌ವರ್ಕ್ ಕಾರ್ಡ್, ಎರಡು ಕೆಲಸ: ನನ್ನ ಆಯ್ಕೆ ಓಡಿಐ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೇ ಸಾಮಾನಿನ ನಡುವೆ ಸಿಕ್ಕ ಎನ್‌ಇ2000 ಮಾದರಿಯ ಐಎಸ್‌ಎ ಕಾರ್ಡ್ ಡಾಸ್ (ವಿಂಡೋಸ್‌ಗೂ ಮುಂಚಿನ ಆಪರೇಟಿಂಗ್ ಸಿಸ್ಟಂ) ಓಡಿಸುವ ನನ್ನ 486 ಕಂಪ್ಯೂಟರಿಗೆ ಚೆನ್ನಾಗಿ ಒಗ್ಗಿದೆ. ನೆಟ್‌ವೇರ್ (ನೊವೆಲ್ ಕಂಪನಿಯ ಫೈಲ್ ಹಂಚುವ ವ್ಯವಸ್ಥೆ) ಸರ್ವರ್‌ನ ಡ್ರೈವ್ ಯಾವಾಗಲೂ ಸಿಗುತ್ತಿರಬೇಕು, ಅದನ್ನು ಬಿಡದೇ ಎಂಟಿಸಿಪಿಯ (ಡಾಸ್‌ಗಾಗಿ ಇರುವ ಇಂಟರ್ನೆಟ್ ಪ್ರೋಗ್ರಾಂಗಳ ಕಟ್ಟು) ಎಫ್‌ಟಿಪಿ, ಟೆಲ್ನೆಟ್ ಕೂಡ ನಡೆಯಬೇಕು. ಮೊದಲನೆಯದಕ್ಕೆ ಐಪಿಎಕ್ಸ್, ಎರಡನೆಯದಕ್ಕೆ ಟಿಸಿಪಿ/ಐಪಿ ಎಂಬ ಪ್ರೊಟೊಕಾಲ್ (ಯಂತ್ರಗಳು ಮಾತಾಡುವ ನಿಯಮ) ಬೇಕು. ಮೂರು ದಾರಿ ಹಿಡಿದು ನೋಡಿದೆ: ಪ್ಯಾಕೆಟ್ ಡ್ರೈವರ್, ಎನ್‌ಡಿಐಎಸ್, ಓಡಿಐ. ನೊವೆಲ್‌ನ ಓಡಿಐ (ಒಂದೇ ಕಾರ್ಡನ್ನು ಹಲವು ಪ್ರೊಟೊಕಾಲ್‌ಗಳಿಗೆ ಹಂಚುವ ಡ್ರೈವರ್ ವ್ಯವಸ್ಥೆ) ಹಾಕಿ, ಅದರ ಮೇಲೆ ಓಡಿಐಪಿಕೆಟಿ (ಓಡಿಐಯನ್ನು ಪ್ಯಾಕೆಟ್ ಡ್ರೈವರಿನಂತೆ ತೋರಿಸುವ ಪ್ರೋಗ್ರಾಂ) ಕೂರಿಸಿದ್ದೇ ನನಗೆ ಹಿಡಿಸಿತು.

ಬರೀ ಪ್ಯಾಕೆಟ್ ಡ್ರೈವರ್ (ಕಾರ್ಡನ್ನು ನೇರ ಪ್ರೋಗ್ರಾಂಗಳಿಗೆ ಒದಗಿಸುವ ಡ್ರೈವರ್) ಎಲ್ಲಕ್ಕಿಂತ ಸುಲಭ. ಕ್ರಿನ್ವರ್ ಎಂಬ ಡ್ರೈವರ್ ಸಂಗ್ರಹದ ಚಿಕ್ಕ ಫೈಲ್, ಒಂದು ಸಾಲಿನ ಕಮಾಂಡ್, ಮುಗೀತು. ಬಂದ ಪ್ಯಾಕೆಟ್ಟಿನ ಟೈಪ್ (ಯಾವ ಪ್ರೊಟೊಕಾಲ್‌ನದು ಎಂದು ಹೇಳುವ ಸಂಖ್ಯೆ) ನೋಡಿ ಇದು ಹಂಚುತ್ತದೆ: 0800 ಆದರೆ ಐಪಿಗೆ, 8137 ಆದರೆ ಐಪಿಎಕ್ಸ್‌ಗೆ. ಒಂದು ಟೈಪನ್ನು ಒಬ್ಬರು ಹಿಡಿದ ಮೇಲೆ ಇನ್ನೊಬ್ಬರಿಗಿಲ್ಲ. ಎರಡು ಟಿಸಿಪಿ/ಐಪಿ ಪ್ರೋಗ್ರಾಂ ಒಟ್ಟಿಗೆ ಬೇಕಾದರೆ ನಡುವೆ ಪಿಕೆಟಿಮಕ್ಸ್ ಎಂಬ ಹಂಚುವ ಪ್ರೋಗ್ರಾಂ ಹಾಕಬೇಕು. ನನ್ನ ಸರ್ವರ್ ಹಳೇ 802.3 ಫ್ರೇಮ್‌ನದು (ಫ್ರೇಮ್ ಅಂದರೆ ಪ್ಯಾಕೆಟ್ಟಿನ ಹೊರ ಲಕೋಟೆ), ಅದರಲ್ಲಿ ಟೈಪೇ ಇರುವುದಿಲ್ಲ. ಅದಕ್ಕೆ ‘-ಎನ್’ ಸ್ವಿಚ್ ಇದೆ ನಿಜ, ಆದರೆ ಪ್ಯಾಕೆಟ್ ಡ್ರೈವರ್ ಜೊತೆ ಹೊಂದುವ ಐಪಿಎಕ್ಸ್ ಬೇರೆ ಹುಡುಕಬೇಕು.

ಮೈಕ್ರೋಸಾಫ್ಟ್ ಮತ್ತು 3ಕಾಮ್ ತಂದ ಎನ್‌ಡಿಐಎಸ್, ವಿಂಡೋಸ್ ಯಂತ್ರಗಳ ಜೊತೆ ಫೈಲ್ ಹಂಚಿಕೊಳ್ಳುವವರಿಗೆ ಸರಿ. ನನಗೆ ಆ ಕೆಲಸವಿಲ್ಲ.

ಓಡಿಐನಲ್ಲಿ ಮೊದಲು ಎಲ್‌ಎಸ್‌ಎಲ್ (ನಡುವೆ ನಿಂತು ಹಂಚುವ ಪದರ), ಆಮೇಲೆ ಕಾರ್ಡಿನ ಡ್ರೈವರ್, ಆಮೇಲೆ ಐಪಿಎಕ್ಸ್ ನಡೆಸುವ ಐಪಿಎಕ್ಸ್‌ಓಡಿಐ ಹಾಕಬೇಕು. ಇಲ್ಲಿ ತಲೆನೋವು ಕೊಡುವುದು ಒಂದೇ: ನೆಟ್.ಸಿಎಫ್‌ಜಿ ಎಂಬ ಸೆಟ್ಟಿಂಗ್ ಫೈಲಿನ ಫ್ರೇಮ್ ಸಾಲು. ಅಲ್ಲಿ ‘ಈಥರ್ನೆಟ್_802.3’ ಮಾತ್ರ ಇದ್ದರೆ ಸರ್ವರ್‌ಗೆ ಲಾಗಿನ್ ಆಗುತ್ತದೆ, ಡ್ರೈವ್ ಕಾಣುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ. ಎಂಟಿಸಿಪಿಯ ಡಿಎಚ್‌ಸಿಪಿ ಓಡಿಸಿದರೆ ಮಾತ್ರ ಕಾದು ಕಾದು ಐಪಿ ವಿಳಾಸ ಸಿಗದೇ ಕೈಬಿಡುತ್ತದೆ.

ಕಾರಣ ಎರಡು ಬೈಟ್. ಫ್ರೇಮಿನಲ್ಲಿ ಪಡೆಯುವವರ, ಕಳಿಸುವವರ ವಿಳಾಸ ಮುಗಿದ ಕೂಡಲೇ ಬರುವ ಜಾಗದಲ್ಲಿ ಈಥರ್ನೆಟ್ 2 ಟೈಪ್ ಬರೆಯುತ್ತದೆ, 802.3 ಅದೇ ಜಾಗದಲ್ಲಿ ಉದ್ದ ಬರೆಯುತ್ತದೆ. ಟಿಸಿಪಿ/ಐಪಿಗೆ ಟೈಪ್ ಬೇಕೇ ಬೇಕು. ಹಾಗಾಗಿ ಕೆಳಗೆ ಇನ್ನೊಂದು ಸಾಲು ‘ಫ್ರೇಮ್ ಈಥರ್ನೆಟ್_2’ ಸೇರಿಸಬೇಕು. ಫೈಲಿನಲ್ಲಿ ಆ 2 ರೋಮನ್ ಅಂಕಿಯಲ್ಲಿರಬೇಕು. ಮೊದಲ ಸಾಲು ಬೋರ್ಡ್ 0, ಎರಡನೆಯದು ಬೋರ್ಡ್ 1. ಆದ್ದರಿಂದ ಕಮಾಂಡ್ ‘ಓಡಿಐಪಿಕೆಟಿ 1 96’. ಆ 96 ಪ್ರೋಗ್ರಾಂಗಳು ಡ್ರೈವರನ್ನು ಕರೆಯುವ ಇಂಟರಪ್ಟ್ ಸಂಖ್ಯೆ; ಅದು ದಶಮಾನದ ಅಂಕಿ, ಹೆಕ್ಸ್‌ನಲ್ಲಿ 60. ಎಂಟಿಸಿಪಿಯ ಪ್ಯಾಕೆಟ್‌ಇಂಟ್ ಸಾಲಿನಲ್ಲಿ ಹೆಕ್ಸ್ 60 ಅಂತಲೇ ಬರೆಯಬೇಕು. ಇಷ್ಟು ಹೊಂದಿಸಿದ ಮೇಲೆ ಸರ್ವರ್‌ನಲ್ಲಿರುವ ಫೈಲನ್ನು ಕಾಪಿ ಮಾಡಿಕೊಳ್ಳದೇ ನೇರ ಎಫ್‌ಟಿಪಿಯಲ್ಲಿ ಕಳಿಸುತ್ತೇನೆ. ದಿನಾ ಬಳಸುವ ನನಗೆ ಇದೇ ದೊಡ್ಡ ಲಾಭ.

ಮೆಮೊರಿ ಸ್ವಲ್ಪ ಜಾಸ್ತಿ ಹೋಗುತ್ತದೆ. ಆಟ ಆಡುವ ದಿನಕ್ಕೆ ಕಾನ್ಫಿಗ್.ಸಿಸ್‌ನಲ್ಲಿ ಬೇರೆ ಬೂಟ್ ಮೆನು ಇಟ್ಟಿದ್ದೇನೆ.

ಎರಡನೇ ಕಾರ್ಡ್ ಹಾಕಬಹುದಲ್ವಾ ಅಂತ ಕೇಳಬಹುದು. ಅದಕ್ಕೆ ದುಡ್ಡು, ಇನ್ನೊಂದು ಸ್ಲಾಟ್, ಇನ್ನೊಂದು ಐಆರ್‌ಕ್ಯೂ (ಕಾರ್ಡು ಪ್ರೊಸೆಸರನ್ನು ಕರೆಯುವ ಸಾಲಿನ ಸಂಖ್ಯೆ) ಬೇಕು. ನನ್ನಲ್ಲಿ 5 ಸೌಂಡ್ ಕಾರ್ಡಿಗೆ ಹೋಗಿದೆ, 3 ಈ ಕಾರ್ಡಿಗೆ. ಸರ್ವರ್ ಗೊಡವೆ ಇಲ್ಲದೆ ಬರೀ ಎಫ್‌ಟಿಪಿ ಮಾಡುವವರು ಮಾತ್ರ ಸುಮ್ನೆ ಪ್ಯಾಕೆಟ್ ಡ್ರೈವರ್ ಹಾಕಿಕೊಳ್ಳಿ.