ಹೊಸ ಶಾಕಬ್ಸರ್ ಅಂತ ದುಡ್ಡು ತೆಗೆದುಕೊಂಡರು, ಹಾಕಿದ್ದು ಪೇಂಟ್ ಹೊಡೆದ ಹಳೇದು

ಹತ್ತು ವರ್ಷ ದಾಟಿದ ಕಾರು ಇಟ್ಟುಕೊಂಡವರು ದಯವಿಟ್ಟು ಓದಿ. ಮುಂದಿನ ಶಾಕಬ್ಸರ್ ಹೋಗಿದೆ, ಬದಲಾಯಿಸಬೇಕು ಅಂತ ಗ್ಯಾರೇಜಿನವರು ಹೇಳಿದ್ದರೆ ಗಾಡಿ ಬಿಡುವ ಮೊದಲೇ ಓದಿ. ನನ್ನ ಹತ್ತಿರ ಹೊಸ ಜೋಡಿಯ ದುಡ್ಡು ತೆಗೆದುಕೊಂಡು, ಯಾವುದೋ ಗುಜರಿ ಗಾಡಿಯಿಂದ ಬಿಚ್ಚಿದ ಜೋಡಿಗೆ ಎಣ್ಣೆ ತುಂಬಿ, ಕಪ್ಪು ಪೇಂಟ್ ಹೊಡೆದು ಹಾಕಿ ಕಳಿಸಿದ್ದರು. ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಅದೊಂದು ಅಂಗಡಿ ಬಿಟ್ಟು ಇನ್ನೊಂದಕ್ಕೆ ಹೋಗುತ್ತೀರಿ. ಅಲ್ಲೂ ಇದೇ ನಡೆಯಬಹುದು.

ಗಾಡಿ 2010ರ ಸ್ವಿಫ್ಟ್, ಪೆಟ್ರೋಲ್. ನಾವಿರುವುದು ಹಾಸನ, ಹೆಂಡತಿ ಮನೆ ಮಂಗಳೂರು ಕಡೆ. ಹಾಗಾಗಿ ಶಿರಾಡಿ ಘಾಟಿ ತಪ್ಪಿದ್ದಲ್ಲ. ಸಕಲೇಶಪುರದ ಆಚೆ ಮಳೆಗಾಲದಲ್ಲಿ ಆ ರಸ್ತೆ ಹೇಗಾಗುತ್ತದೆ ಅಂತ ಓಡಾಡಿದವರಿಗೆ ಗೊತ್ತೇ ಇದೆ. ಹಂಪ್ ಇಳಿದ ಮೇಲೂ ಕಾರಿನ ಮೂತಿ ಎದ್ದು ಬಿದ್ದು ಮಾಡುತ್ತಿತ್ತು. ಬ್ರೇಕ್ ಒತ್ತಿದರೆ ಮುಂದಕ್ಕೆ ಮುಗ್ಗರಿಸುವ ಹಾಗೆ ಬಾಗುತ್ತಿತ್ತು. ಎಡಗಡೆ ಶಾಕಬ್ಸರ್ ಎಣ್ಣೆ ಜಿನುಗಿ, ಅದಕ್ಕೆ ಧೂಳು ಮೆತ್ತಿ ದಪ್ಪಗಾಗಿತ್ತು. ಬದಲಾಯಿಸಲೇಬೇಕಿತ್ತು, ಅದರಲ್ಲಿ ಗ್ಯಾರೇಜಿನವನು ಸುಳ್ಳು ಹೇಳಿರಲಿಲ್ಲ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಸ್ಯಾಂಟ್ರೊ, ಐ10 ಇಂಥ ಸಣ್ಣ ಕಾರುಗಳಲ್ಲಿ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗ್, ಶಾಕಬ್ಸರ್ ಎರಡೂ ಒಂದೇ ಜೋಡಣೆ. ಕೆಳಗೆ ದಪ್ಪ ಬೋಲ್ಟುಗಳಲ್ಲಿ ಚಕ್ರದ ಭಾಗಕ್ಕೆ ಕಚ್ಚಿಕೊಂಡಿರುತ್ತದೆ. ಮೇಲೆ ಬಾನೆಟ್ ಒಳಗೆ ರಬ್ಬರ್ ಮೌಂಟ್, ಬೇರಿಂಗ್. ಸ್ಟೀರಿಂಗ್ ತಿರುಗಿಸಿದರೆ ಸ್ಟ್ರಟ್ ಕೂಡ ಚಕ್ರದ ಜೊತೆಗೇ ತಿರುಗುತ್ತದೆ. ಅಂದರೆ ಇದು ಬರೀ ಕುಲುಕಾಟ ತಡೆಯುವ ಸಾಮಾನಲ್ಲ. ಇದು ಕೆಟ್ಟರೆ ಗಾಡಿಯ ಹಿಡಿತವೂ ಕೆಡುತ್ತದೆ, ಬ್ರೇಕ್ ಹಾಕಿದಾಗ ನಿಲ್ಲುವ ದೂರವೂ ಜಾಸ್ತಿಯಾಗುತ್ತದೆ.

ಜೋಡಿಗೆ 6,500, ಕೂಲಿ 1,500 ಅಂದ. ಬೆಳಿಗ್ಗೆ ಬಿಟ್ಟು ಸಂಜೆ ತಂದೆ. ಹೆಸರಾಂತ ಕಂಪನಿಯ ಖಾಲಿ ಡಬ್ಬ ತೋರಿಸಿ, "ಸೀಲ್ ಪ್ಯಾಕ್ ಒಡೆದು ಹಾಕಿದ್ದು ಸಾರ್" ಅಂದ. ಬಗ್ಗಿ ನೋಡಿದರೆ ಚಕ್ರದ ಹಿಂದೆ ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ಹೊಸದೇ ಅನಿಸುತ್ತದೆ, ಅಲ್ವಾ?

ಊರೊಳಗೆ ಓಡಿಸುವಷ್ಟು ದಿನ ಚೆನ್ನಾಗೇ ಇತ್ತು. ಗಟ್ಟಿಯಾಗಿದೆ, ಹೊಸದರ ಬಿಗಿ ಅಂತ ಮನೆಯಲ್ಲೂ ಹೇಳಿದೆ. ಘಾಟಿಯಲ್ಲಿ ಬಣ್ಣ ಬಯಲಾಯಿತು. ಒಂದಷ್ಟು ದೂರ ಗುಂಡಿ ಹತ್ತಿಳಿದ ಮೇಲೆ ಮೂತಿ ಮತ್ತೆ ಕುಣಿಯತೊಡಗಿತು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಟಂಗ್ ಅಂತ ಸದ್ದು. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಆಮೇಲೆ ನೋಡಿದರೆ ಎಡಗಡೆ ಟೈರಿನ ಒಳ ಅಂಚು ನುಣ್ಣಗಾಗಿತ್ತು. ಟೈರ್ ಹಾಕಿಸಿ ವರ್ಷವೂ ಆಗಿರಲಿಲ್ಲ.

ಗ್ಯಾರೇಜಿಗೆ ಹೋದರೆ, "ಹೊಸದಲ್ವಾ ಸಾರ್, ಸೆಟ್ ಆಗ್ಬೇಕು, ಸ್ವಲ್ಪ ಓಡ್ಸಿ" ಅಂದ. ಮತ್ತೆ ಹೋದಾಗ ರಸ್ತೆ ಸರಿಯಿಲ್ಲ ಅಂದ. ಆಮೇಲೆ ಲೋವರ್ ಆರ್ಮ್ ಹೋಗಿದೆ, ಸ್ಟೀರಿಂಗ್ ರ‍್ಯಾಕ್ ಕೂಡ ನೋಡಬೇಕು, ಹದಿನೈದು ಸಾವಿರ ಆಗುತ್ತದೆ ಅಂತ ಶುರುಮಾಡಿದ. ಈ ಮಾತು ಕೇಳಿದರೆ ಅಲ್ಲಿಂದ ಗಾಡಿ ತೆಗೆಯಿರಿ. ಒಂದು ಕೆಲಸ ಕೆಟ್ಟಿದ್ದಕ್ಕೆ ಇನ್ನೊಂದು ಪಾರ್ಟಿನ ಮೇಲೆ ಗೂಬೆ ಕೂರಿಸುವುದು ಹಳೇ ವಿದ್ಯೆ.

ಸ್ನೇಹಿತರೊಬ್ಬರು ಹೇಳಿದ ಇನ್ನೊಬ್ಬ ಮೇಸ್ತ್ರಿ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಡಿಮೆ. ಎಡಗಡೆಯದನ್ನು ಬಿಚ್ಚಿ, ಸ್ಪ್ರಿಂಗ್ ತೆಗೆದು, ವೈಸ್‌ಗೆ ಹಾಕಿ ಬಿಗಿದರು. ಸ್ಕ್ರೂಡ್ರೈವರ್ ತುದಿಯಿಂದ ಮೇಲಿನ ಕುತ್ತಿಗೆ ಹತ್ತಿರ ಕೆರೆದರು. ಪೇಂಟ್ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಅಡಿಯಲ್ಲಿ ತುಕ್ಕು ತಿಂದ ಸಣ್ಣ ಸಣ್ಣ ಗುಳಿ. ಸುತ್ತಲೂ ವೆಲ್ಡಿಂಗ್ ಮಾಡಿ ಗ್ರೈಂಡರ್ ಹಿಡಿದ ಗುರುತು, ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಒಳಗೆ ಹೊರಗೆ ಜಾರುವ ರಾಡ್ ಮೇಲೆ ಪ್ಲೈಯರ್ ಹಲ್ಲು ಕಚ್ಚಿದ ಗೀರುಗಳಿದ್ದವು, ಉಗುರಿಗೆ ತಗಲುವಷ್ಟು. ರಾಡ್ ಒತ್ತಿದರು. ಮೊದಲು ತಡೆಯೇ ಇಲ್ಲದೆ ಸುಮ್ನೆ ಇಳಿಯಿತು, ಆಮೇಲೆ ಸ್ವಲ್ಪ ಬಿಗಿಯಾಯಿತು. ಕೈ ಬಿಟ್ಟರೆ ಅಲ್ಲೇ ನಿಂತಿತು. "ಡಬ್ಬದ ಮೇಲೆ ಗ್ಯಾಸ್ ಅಂತ ಬರ್ದಿತ್ತಾ ಸಾರ್? ಗ್ಯಾಸ್ ಇದ್ರೆ ತಾನೇ ಮೇಲೆ ಬರ್ಬೇಕಿತ್ತು. ಇದು ರೀಫಿಲ್ಲು" ಅಂದರು.

ಅವರು ವಿವರಿಸಿದ್ದು ಇಷ್ಟು. ಹಳೇ ಸ್ಟ್ರಟ್‌ನ ತಲೆ ಕತ್ತರಿಸಿ, ಕೆಟ್ಟ ಎಣ್ಣೆ ಚೆಲ್ಲಿ, ಎಣ್ಣೆ ಸೋರದಂತೆ ತಡೆಯುವ ಹೊಸ ಸೀಲ್ ಹಾಕಿ, ಕೈಗೆ ಸಿಕ್ಕ ದಪ್ಪ ಎಣ್ಣೆ ತುಂಬಿ ವೆಲ್ಡ್ ಮಾಡುತ್ತಾರೆ. ಕಂಪನಿ ತುಂಬಿದ ನೈಟ್ರೋಜನ್ ಕತ್ತರಿಸಿದ ಕೂಡಲೇ ಹೋಯಿತು. ಆ ಗ್ಯಾಸ್ ಇರುವುದೇ ಎಣ್ಣೆ ನೊರೆಯಾಗದ ಹಾಗೆ ಒತ್ತಿ ಹಿಡಿಯಲು. ಊರೊಳಗೆ ಅಲ್ಲೊಂದು ಇಲ್ಲೊಂದು ಹಂಪ್ ಬಂದರೆ ತೊಂದರೆ ಕಾಣುವುದಿಲ್ಲ. ಗುಂಡಿ ಬಿದ್ದ ಘಾಟಿಯಲ್ಲಿ ರಾಡ್ ಬಿಡುವಿಲ್ಲದೆ ಮೇಲೆ ಕೆಳಗೆ ಆಡುತ್ತದೆ. ಎಣ್ಣೆ ನೊರೆಯಾಗುತ್ತದೆ, ತಡೆಯುವ ಶಕ್ತಿ ಹೋಗುತ್ತದೆ. ಊರಲ್ಲಿ ಚೆನ್ನಾಗಿದ್ದ ಗಾಡಿ ಶಿರಾಡಿಯಲ್ಲಿ ಕುಣಿದದ್ದು ಅದಕ್ಕೇ. ಗೀರು ಬಿದ್ದ ರಾಡ್ ಹೊಸ ಸೀಲನ್ನೂ ಹರಿಯುತ್ತದೆ, ಹಾಗಾಗಿ ಸೋರಿಕೆ ಮತ್ತೆ ಗ್ಯಾರಂಟಿ. ರೀಫಿಲ್ ಅಂತ ಹೇಳಿ, ರೀಫಿಲ್ ರೇಟಿಗೆ ಮಾಡಿಕೊಟ್ಟರೆ ಅದು ಅವರವರ ಇಷ್ಟ. ನಾನಂತೂ ಮುಂದಿನ ಚಕ್ರಕ್ಕೆ ಅದನ್ನೂ ಒಪ್ಪುವುದಿಲ್ಲ.

ಮೈ ಉರಿದದ್ದು ಇನ್ನೊಂದು ಕಾರಣಕ್ಕೆ. ಬ್ರೇಕ್ ಹೋಸ್, ಅಂದರೆ ಬ್ರೇಕ್ ಎಣ್ಣೆ ಹೋಗುವ ರಬ್ಬರ್ ಪೈಪು, ಅದನ್ನು ಹಿಡಿದಿಡುವ ಬ್ರಾಕೆಟ್ ಸ್ಟ್ರಟ್ ಮೈ ಮೇಲೇ ಇರುತ್ತದೆ. ಇವರು ಹಾಕಿದ್ದರಲ್ಲಿ ಅದು ಮುರಿದಿತ್ತು. ಪ್ಲಾಸ್ಟಿಕ್ ಟೈ ಹಾಕಿ ಹೋಸ್ ಕಟ್ಟಿದ್ದರು. ಅದು ಸಡಿಲಾಗಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಹೋಸ್ ಟೈರಿಗೆ ಉಜ್ಜುತ್ತಿತ್ತು. ರಬ್ಬರ್ ಮೇಲೆ ಬೂದು ಬಣ್ಣದ ಸವೆದ ಪಟ್ಟೆ ಎದ್ದಿತ್ತು. ಅದೇ ಹೋಸ್ ನಂಬಿಕೊಂಡು, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದೇವೆ.

ಟಂಗ್ ಸದ್ದು ಬಂದದ್ದು ಮೌಂಟ್ ಬೇರಿಂಗಿನಿಂದ. ಹಳೇದನ್ನೇ ವಾಪಸ್ ಹಾಕಿದ್ದರು. ಸ್ಟ್ರಟ್ ಪೂರ್ತಿ ಒತ್ತಿದಾಗ ಏಟು ತಡೆಯುವ ಬಂಪ್ ಸ್ಟಾಪ್ ಪುಡಿಯಾಗಿತ್ತು, ರಾಡಿಗೆ ಧೂಳು ತಾಗದಂತೆ ಹಾಕುವ ಡಸ್ಟ್ ಬೂಟ್ ಇರಲೇ ಇಲ್ಲ. ಸ್ಟ್ರಟ್ ಬೆಲೆಗೆ ಹೋಲಿಸಿದರೆ ಇವೆಲ್ಲ ಸಣ್ಣ ದುಡ್ಡು. ಆದರೆ ಆಮೇಲೆ ಹಾಕಿಸಬೇಕೆಂದರೆ ಮತ್ತೆ ಪೂರ್ತಿ ಬಿಚ್ಚಬೇಕು, ಮತ್ತೆ ಪೂರ್ತಿ ಕೂಲಿ. ಒಂದೇ ಸಲಕ್ಕೆ ಎರಡೂ ಕಡೆ ಹಾಕಿಸಿಬಿಡಿ. ಸ್ಟ್ರಟ್ ಕೂಡ ಒಂದೇ ಕಡೆ ಬದಲಾಯಿಸಬೇಡಿ.

ಇನ್ನು ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡೋಣ ಅನ್ನುವವರಿಗೆ ಒಂದು ಮಾತು. ಒತ್ತಿ ಕೂರಿಸಿದ ಸ್ಪ್ರಿಂಗ್ ಮೇಲಿನ ನಟ್ಟಿನ ಹಿಡಿತದಲ್ಲಿರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಆ ನಟ್ಟು ಬಿಚ್ಚಿದರೆ ಅದು ಸಿಡಿದು ಮುಖ ಒಡೆಯುತ್ತದೆ, ಪ್ರಾಣವೂ ಹೋಗಬಹುದು. ಹಗ್ಗ, ಬೈಂಡಿಂಗ್ ವೈರ್ ಕಟ್ಟಿ ಬಿಚ್ಚುವ ಗ್ಯಾರೇಜ್ ಕಂಡರೆ ಹತ್ತಿರ ನಿಲ್ಲಲೂ ಬೇಡಿ.

ಎರಡನೇ ಸಲ ಪಾರ್ಟುಗಳನ್ನು ನಾನೇ ತಂದೆ. ಬೆಂಗಳೂರಿಗೆ ಹೋಗುವವರಿದ್ದರೆ ಜೆಸಿ ರಸ್ತೆಯಲ್ಲಿ ಸಿಗುತ್ತವೆ, ಆದರೆ ಅಲ್ಲೂ ಡೂಪ್ಲಿಕೇಟ್ ಓಡಾಡುತ್ತದೆ. ಕಂಪನಿಯ ಅಧಿಕೃತ ಡೀಲರ್ ಹತ್ತಿರ ಜಿಎಸ್‌ಟಿ ಬಿಲ್ ಸಮೇತ ತಗೊಳ್ಳಿ. ಎಡ ಬಲ ಬೇರೆ ಬೇರೆ, ಪಾರ್ಟ್ ನಂಬರ್ ತಾಳೆ ನೋಡಿ. ಹಾಕುವ ಮೊದಲು ಫೋಟೊ ತೆಗೆಯಿರಿ. ಮೈ ಮೇಲೆ ಮಾರ್ಕರಿನಲ್ಲಿ ನಿಮ್ಮ ಸಹಿ ಹಾಕಿಬಿಡಿ, ಮೆಕ್ಯಾನಿಕ್ ನಗುತ್ತಾನೆ, ನಗಲಿ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಕೆಳಗಿನ ಬೋಲ್ಟು ಬಿಚ್ಚಿ ಹಾಕಿದರೆ ಚಕ್ರದ ಕೋನ ಬದಲಾಗಿರುತ್ತದೆ. ನನ್ನ ಟೈರ್ ತಿಂದದ್ದು ಇದನ್ನು ಮಾಡದೇ ಇದ್ದದ್ದೇ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅನ್ನುವ ಪ್ರಿಂಟ್ ಕೇಳಿ.

ದೂರು ಕೊಡಲಿಲ್ಲವಾ ಅಂತ ಕೇಳುತ್ತೀರಿ. ಮೊದಲ ಗ್ಯಾರೇಜಿನವನು ಕೊಟ್ಟದ್ದು ಹೆಸರು, ನಂಬರ್ ಏನೂ ಇಲ್ಲದ ಎಸ್ಟಿಮೇಟ್ ಚೀಟಿ. ಫೋನ್‌ಪೇ ಕೂಡ ಬೇರೆ ಯಾರದೋ ಹೆಸರಿಗೆ ಹೋಗಿತ್ತು. ನಿಮ್ಮ ಹತ್ತಿರ ಸರಿಯಾದ ಬಿಲ್ ಇದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಬಿಚ್ಚಿಸಿದ ಜೋಡಿ ಹಿಡಿದು ನಾನು ಆ ಮೊದಲ ಗ್ಯಾರೇಜಿಗೇ ಹೋದೆ. ಬೇರೆ ಗಿರಾಕಿಗಳು ನಿಂತಿದ್ದರು. ತಕ್ಷಣ ಬದಿಗೆ ಕರೆದು 3,000 ವಾಪಸ್ ಕೊಟ್ಟ, ಪಾರ್ಟು ಕೊಟ್ಟ ಅಂಗಡಿಯವನೇ ಮೋಸ ಮಾಡಿದ ಅಂದ. ಜೋಡಿಯನ್ನು ಅಲ್ಲೇ ಬಿಟ್ಟು ಹೋಗಿ ಅಂತ ಬಲವಂತವೂ ಮಾಡಿದ. ಬಿಡಲಿಲ್ಲ, ಮುಂದಿನ ಗಾಡಿಗೆ ಹೋಗುವುದು ಅದೇ ತಾನೇ. ನಿಮ್ಮ ಹಳೇ ಶಾಕಬ್ಸರನ್ನೂ ಗ್ಯಾರೇಜಿನಲ್ಲಿ ಬಿಡಬೇಡಿ. ಕೇಳಿ ತೆಗೆದುಕೊಂಡು, ರಾಡ್ ಮೇಲೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಬಗ್ಗಿಸಿ, ಆಮೇಲೆ ಗುಜರಿಗೆ ಹಾಕಿ.